ಎರಡಂಗುಲದ ಮೀನು ಹನ್ನೆರಡಂಗುಲವಾದಾಗ

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಏಪ್ರಿಲ್ ತಿಂಗಳು, ಫಲಿತಾಂಶ ಬಂದಿದೆ. ಒಳ್ಳೆಯ ಅಂಕ ತೆಗೆದರೆ ಮೀನಿನ ತೊಟ್ಟಿ ಕೊಡಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಮಗ ಅಂಕ ತೆಗೆದಿದ್ದಾನೆ. ಅಂಗಡಿಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯನ್ನು ಆರಿಸಿದ್ದಾಯಿತು. ಇನ್ನು ಮೀನು. ಕಪ್ಪು ಮೈಯ ಮೇಲೆ ಕೆಂಡದಂಥ ಗೀರುಗಳಿದ್ದ, ಎರಡೇ ಅಂಗುಲದ ಮರಿಗಳು ಗಾಜಿನ ಹತ್ತಿರ ಬಂದು ಹುಡುಗನನ್ನೇ ದಿಟ್ಟಿಸಿದವು. ಹೆಸರು ಆಸ್ಕರ್. ಆರು ಮರಿಗಳು ಪ್ಲಾಸ್ಟಿಕ್ ಚೀಲಕ್ಕೆ ಬಂದವು. ‘ಗಾಜು ಚೊಕ್ಕಟ ಮಾಡುತ್ತೆ’ ಎಂದು ಅಂಗಡಿಯವನು ಒಂದು ಸಕ್ಕರ್ ಮೀನನ್ನೂ ಜೊತೆಗೆ ಹಾಕಿದ.

ಮೂರು ತಿಂಗಳು ಎಲ್ಲವೂ ಸೊಗಸು. ದಸರಾ ರಜೆಯ ಹೊತ್ತಿಗೆ ನೀರು ಮಬ್ಬಾಗಿ, ಮುಚ್ಚಳ ತೆಗೆದರೆ ವಾಸನೆ. ಎರಡು ಮೀನು ಸತ್ತಿವೆ, ಒಂದರ ಬಾಲ ಹರಿದಿದೆ, ಇನ್ನೊಂದರ ತಲೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಗುಳಿಗಳು. ‘ತಂದುಕೊಟ್ಟರೆ ಸಾಕೇ, ನೋಡಿಕೊಳ್ಳಬೇಡವೇ?’ ಎಂದು ಬೈಗುಳ ಬಿದ್ದದ್ದು ಹುಡುಗನಿಗೆ. ಪಾಪ, ಅವನು ಒಂದು ದಿನವೂ ಆಹಾರ ಹಾಕುವುದನ್ನು ಮರೆತಿಲ್ಲ. ಹೊಸದಾಗಿ ಒಂದೇ ಒಂದು ಮೀನನ್ನೂ ತಂದಿಲ್ಲ. ಆದರೂ ತೊಟ್ಟಿ ಸಂತೆಯ ದಿನದ ಬಸ್ಸಿನಂತೆ ಕಿಕ್ಕಿರಿದಿದೆ. ಇದು ಹೇಗಾಯಿತು?

ಆಸ್ಕರ್ ಸಿಕ್ಲಿಡ್ ಕುಟುಂಬದ ಮೀನು. ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆ. ಬ್ರೆಜಿಲ್, ಪೆರು, ಕೊಲಂಬಿಯಾ ದೇಶಗಳ ನಿಧಾನ ಹರಿವಿನ ನೀರುಗಳು. 1831ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ ಲೂಯಿ ಅಗಾಸಿಜ್ ಇದನ್ನು ಸಮುದ್ರದ ಮೀನೆಂದೇ ಭಾವಿಸಿದ್ದರು. ಈಗಿನ ಹೆಸರು ಆಸ್ಟ್ರೊನೋಟಸ್ ಒಸೆಲೇಟಸ್. ಬಾಲದ ಬುಡದಲ್ಲಿರುವ ಕಣ್ಣಿನಂಥ ಮಚ್ಚೆಯಿಂದಾಗಿ ‘ಒಸೆಲೇಟಸ್’ ಎಂಬ ಹೆಸರು ಬಂದಿದೆ. ತೊಟ್ಟಿಯಲ್ಲಿ ಚೆನ್ನಾಗಿ ಸಾಕಿದರೆ ಇದು 30 ಸೆಂಟಿಮೀಟರ್ ದಾಟುತ್ತದೆ. ಮೊದಲ ತಿಂಗಳುಗಳಲ್ಲಂತೂ ತಿಂಗಳಿಗೆ ಹೆಚ್ಚುಕಡಿಮೆ ಒಂದಂಗುಲದಂತೆ ಏರುತ್ತದೆ. ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಎಂಟನೆಯ ತರಗತಿಯ ಹುಡುಗ ತಂದ ಮರಿ, ಅವನು ಕಾಲೇಜು ಮುಗಿಸಿ ಕೆಲಸ ಹುಡುಕುವಾಗಲೂ ಊಟಕ್ಕೆ ಕಾಯುತ್ತಿರಬಹುದು. ಅಂಗಡಿಯಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಇನ್ನು ಲೆಕ್ಕಕ್ಕೆ ಬರಬೇಕು. ಹಾವು-ಏಣಿ ಆಟದ ದಾಳಗಳನ್ನು ತೆಗೆದುಕೊಂಡು, ಒಂದು ದಾಳಕ್ಕಿಂತ ಎರಡು ಪಟ್ಟು ಉದ್ದ, ಅಗಲ, ಎತ್ತರದ ಘನವನ್ನು ಜೋಡಿಸಿ ನೋಡಿ. ಎರಡು ದಾಳ ಸಾಲದು, ನಾಲ್ಕೂ ಸಾಲದು, ಎಂಟು ಬೇಕು. ಮೀನೂ ಹಾಗೆಯೇ. ಅದು ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ. ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ಉದ್ದ ಇಮ್ಮಡಿಯಾದರೆ ತೂಕ ಎಂಟು ಪಟ್ಟು, ಮುಮ್ಮಡಿಯಾದರೆ 27 ಪಟ್ಟು. 5 ಸೆಂಟಿಮೀಟರಿನ ಮರಿಯ ತೂಕ ಮೂರು ಗ್ರಾಂ ಎಂದಿಟ್ಟುಕೊಂಡರೆ, ಆರು ಮರಿಗಳಿಗೆ 18 ಗ್ರಾಂ. ಅವು 15 ಸೆಂಟಿಮೀಟರ್ ಮುಟ್ಟಿದಾಗ ಒಟ್ಟು ತೂಕ ಅರ್ಧ ಕಿಲೋಗ್ರಾಂ ಹತ್ತಿರ. ಒಂದೊಂದೂ 30 ಸೆಂಟಿಮೀಟರ್ ಆದರೆ ಮೊದಲಿನ 216 ಪಟ್ಟು, ಅಂದರೆ ಸುಮಾರು ನಾಲ್ಕು ಕಿಲೋಗ್ರಾಂ ಮೀನು. ತೊಟ್ಟಿಯ ನೀರು ಮಾತ್ರ ಮೊದಲ ದಿನ ಎಷ್ಟಿತ್ತೋ ಅಷ್ಟೇ, ಐವತ್ತು ಲೀಟರ್.

ಅಕ್ವೇರಿಯಂ ಪುಸ್ತಕಗಳಲ್ಲಿ ಒಂದು ಹಳೆಯ ಸೂತ್ರವಿದೆ. ಒಂದು ಗ್ಯಾಲನ್ ನೀರಿಗೆ ಒಂದಂಗುಲ ಮೀನು ಎಂದು. ಇದರ ಪ್ರಕಾರ ಅಂಗುಲದುದ್ದದ ಹನ್ನೆರಡು ಟೆಟ್ರಾ ಮೀನುಗಳಿಗೂ ಹನ್ನೆರಡಂಗುಲದ ಒಂದು ಆಸ್ಕರಿಗೂ ಸಾಕಾಗುವ ನೀರು ಒಂದೇ, 45 ಲೀಟರ್! ಹನ್ನೆರಡರ ಘನ 1728. ಒಂದೇ ಆಕಾರದ ಮೀನುಗಳೆಂದುಕೊಂಡರೂ ಆ ಒಂದು ಮೀನು ಹನ್ನೆರಡು ಟೆಟ್ರಾಗಳನ್ನು ಸೇರಿಸಿದ್ದಕ್ಕಿಂತ 144 ಪಟ್ಟು ತೂಗುತ್ತದೆ. ಪುಟ್ಟ ಮೀನುಗಳಿಗೆ ಈ ಸೂತ್ರ ಹೇಗೋ ನಡೆದೀತು. ದೊಡ್ಡ ಸಿಕ್ಲಿಡ್‌ಗಳ ಮಟ್ಟಿಗೆ ಅದನ್ನು ಮರೆಯುವುದೇ ಕ್ಷೇಮ. ಅಲ್ಲದೆ ಒಂದಡಿಯ ಮೀನು ಒಂದಡಿ ಅಗಲದ ತೊಟ್ಟಿಯಲ್ಲಿ ನೆಟ್ಟಗೆ ತಿರುಗಲಾದರೂ ಆಗಬೇಡವೇ?

ದೊಡ್ಡ ಪ್ರಾಣಿ ಪ್ರತಿ ಗ್ರಾಂ ತೂಕಕ್ಕೆ ಚಿಕ್ಕದಕ್ಕಿಂತ ಕಡಿಮೆ ಉಸಿರಾಡುತ್ತದೆ, ಕಡಿಮೆ ತಿನ್ನುತ್ತದೆ ಎಂಬುದು ನಿಜ. ಹಾಗಾಗಿ ತೂಕ 216 ಪಟ್ಟಾದರೆ ಕಶ್ಮಲವೂ 216 ಪಟ್ಟಾಗದು. ಆದರೂ 50 ಪಟ್ಟಿಗೆ ಕಡಿಮೆಯಿಲ್ಲ. ಅಪಾಯ ಇರುವುದು ಈ ಕಶ್ಮಲದಲ್ಲೇ.

ನಾವು ಪ್ರೋಟೀನ್ ತಿಂದು ಉಳಿದ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತೇವೆ. ಸಿಹಿನೀರಿನ ಮೀನು ಆ ಗೋಜಿಗೆ ಹೋಗದೆ ಬಹುಪಾಲನ್ನು ಅಮೋನಿಯಾ ರೂಪದಲ್ಲೇ ಕಿವಿರುಗಳಿಂದ ನೀರಿಗೆ ಬಿಡುತ್ತದೆ. ನದಿಯಲ್ಲಿ ಅದು ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಮೀನು ತನ್ನ ವಿಸರ್ಜನೆಯನ್ನೇ ಮತ್ತೆ ಕಿವಿರಿಗೆ ಎಳೆದುಕೊಳ್ಳಬೇಕು. ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ ನಿಂತಿದೆ. ಪಿಎಚ್ 7 ಇರುವ ನೀರು 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು ಬೋರ್‌ವೆಲ್ ನೀರು ತುಂಬಿಸುವ ಮನೆಗಳಲ್ಲಿ ಇದನ್ನು ನೆನಪಿಡಬೇಕು.

ಇಲ್ಲಿ ನೆರವಿಗೆ ಬರುವವರು ಕಣ್ಣಿಗೆ ಕಾಣದ ಕೆಲಸಗಾರರು. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಜಲ್ಲಿಯಲ್ಲಿ ಮನೆಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ರಕ್ತದ ಹಿಮೊಗ್ಲೋಬಿನ್ನನ್ನು ಕೆಡಿಸಿ, ಕಿವಿರನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದರ ಕಾಟ ಕಡಿಮೆ, ನೀರು ಬದಲಿಸಿದರೆ ತೊಲಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಸೈನ್ಯ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ಸಂಜೆಯೇ ಆರು ಮೀನು ಬಿಡುವವರಿಗೆ ಅಷ್ಟು ತಾಳ್ಮೆ ಎಲ್ಲಿಯದು?

ಚೊಕ್ಕಟದ ಅಮ್ಮಂದಿರು ಮಾಡುವ ಒಂದು ತಪ್ಪನ್ನೂ ಹೇಳಿಬಿಡಬೇಕು. ಭಾನುವಾರ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಜಲ್ಲಿ, ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವುದು. ನಲ್ಲಿಯ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಪಳಪಳ ಹೊಳೆಯುವ ತೊಟ್ಟಿಯಲ್ಲಿ ಮೂರನೆಯ ದಿನ ಮೀನು ತೇಲುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೀರನ್ನು ಕೊಳವೆಯಿಂದ ತಳದ ಕಸದ ಸಮೇತ ಎಳೆದು ತೆಗೆದು, ಹಾಗೆ ತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಿದರೆ ಸಾಕು. ಹೊಸ ನೀರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಹಾಕಬೇಕು, ಅಥವಾ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು. ಕರೆಂಟು ಹೋದರೆ ಫಿಲ್ಟರ್ ನಿಲ್ಲುತ್ತದೆ. ತಾಸುಗಟ್ಟಲೆ ನಿಂತರೆ ಬ್ಯಾಕ್ಟೀರಿಯಾಗಳಿಗೂ ಉಸಿರು ಕಟ್ಟುತ್ತದೆ. ಬ್ಯಾಟರಿಯ ಗಾಳಿಪಂಪು ಒಂದನ್ನು ಇಟ್ಟುಕೊಳ್ಳುವುದು ಜಾಣತನ.

ಆಮ್ಲಜನಕದ ಮಾತು ಬೇರೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 28 ಡಿಗ್ರಿ ಸೆಲ್ಸಿಯಸ್ ನೀರಿನ ಒಂದು ಲೀಟರಿನಲ್ಲಿ ಸಾಮಾನ್ಯವಾಗಿ 8 ಮಿಲಿಗ್ರಾಂ ದಾಟದು. ಆಸ್ಕರ್ ಇದರಲ್ಲಿ ಗಟ್ಟಿಗ. ಅಮೆಜಾನಿನ ನೆರೆನೀರಿನಲ್ಲಿ ರಾತ್ರಿ ಆಮ್ಲಜನಕ ಬಹಳ ಇಳಿಯುತ್ತದೆ. ಅದನ್ನು ಸಹಿಸುವ ಶಕ್ತಿ ಇದರ ಮೈಗೆ ಬಂದಿದೆ. ಆದರೆ ಈ ಗಟ್ಟಿತನವೇ ಸಾಕುವವರಿಗೆ ಮೋಸ ಮಾಡುತ್ತದೆ. ಬೇರೆ ಮೀನಾಗಿದ್ದರೆ ಮೇಲೆ ಬಂದು ಬಾಯಿ ಬಿಡುತ್ತಿತ್ತು. ಇದು ಬಹುಕಾಲ ಸುಮ್ಮನಿದ್ದು, ಆಹಾರಕ್ಕೆ ಬಾರದೆ ಮೂಲೆಯಲ್ಲಿ ನಿಂತಾಗಲೇ ಗೊತ್ತಾಗುವುದು. ತಲೆಯ ಮೇಲಿನ ಗುಳಿಗಳೂ ಕೆಟ್ಟ ನೀರು ಮತ್ತು ಒಂದೇ ಬಗೆಯ ಆಹಾರವಿರುವ ತೊಟ್ಟಿಗಳಲ್ಲೇ ಹೆಚ್ಚು. ಮೊದಲ ಮದ್ದು ನೀರು ಬದಲಿಸುವುದು, ಅಂಗಡಿಯ ನೀಲಿ ಸೀಸೆಯಲ್ಲ.

‘ಮೀನು ತೊಟ್ಟಿಯ ಅಳತೆಗೆ ತಕ್ಕಂತೆ ಬೆಳೆಯುತ್ತದೆ, ಚಿಂತೆ ಬೇಡ’ ಎಂಬ ಮಾತು ಊರೆಲ್ಲ ಹಬ್ಬಿದೆ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಹೊಟ್ಟೆಗಿಲ್ಲದ ಮಗುವಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಅದನ್ನು ಯಾರೂ ಹೊಂದಾಣಿಕೆ ಎನ್ನುವುದಿಲ್ಲ.

ಇಕ್ಕಟ್ಟಿನ ಇನ್ನೊಂದು ಫಲ ಜಗಳ. ಸಿಕ್ಲಿಡ್‌ಗಳಲ್ಲಿ ಗಂಡುಹೆಣ್ಣು ಜಾಗ ಹಿಡಿದು ಮೊಟ್ಟೆ-ಮರಿಗಳನ್ನು ಕಾಯುತ್ತವೆ. ಸೋತ ಮೀನು ನದಿಯಲ್ಲಾದರೆ ಓಡಿಹೋಗುತ್ತದೆ. ಎರಡಡಿಯ ಗಾಜಿನ ಪೆಟ್ಟಿಗೆಯಲ್ಲಿ ಓಡುವುದೆಲ್ಲಿಗೆ? ಆಫ್ರಿಕದ ಮಲಾವಿ ಸರೋವರದ ಸಣ್ಣ ಸಿಕ್ಲಿಡ್‌ಗಳನ್ನು ಸಾಕುವ ಪರಿಣತರು, ಒಂದೇ ಮೀನು ಪೆಟ್ಟು ತಿನ್ನದಿರಲೆಂದು ಬೇಕೆಂದೇ ಹೆಚ್ಚು ಮೀನು ಬಿಡುವುದುಂಟು. ಬಲವಾದ ಫಿಲ್ಟರ್ ಇಟ್ಟು ಮಾಡುವ ಆ ಉಪಾಯವನ್ನು ಆಸ್ಕರಿಗೆ ಹೊಂದಿಸಬಾರದು.

ಹಾಗಾದರೆ ಎಷ್ಟು ದೊಡ್ಡ ತೊಟ್ಟಿ? ಒಂದು ಆಸ್ಕರಿಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದು ಇಟ್ಟುಕೊಳ್ಳಬಹುದು. ಒಂಬತ್ತು ಘನ ಅಡಿ, ಘನ ಅಡಿಗೆ 28.3 ಲೀಟರಿನಂತೆ ಸುಮಾರು 255 ಲೀಟರ್. ಬರೀ ನೀರಿನ ತೂಕವೇ ಕಾಲು ಟನ್. ಗಾಜು, ಜಲ್ಲಿ ಬೇರೆ. ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ವಸ್ತುವಲ್ಲ. ದಿನಕ್ಕೊಮ್ಮೆಯೋ ಎರಡು ಸಲವೋ ಒಳ್ಳೆಯ ಗುಳಿಗೆ ಆಹಾರ, ನಡುನಡುವೆ ಎರೆಹುಳು, ಸಿಗಡಿಯ ಚೂರು. ಉಳಿದದ್ದನ್ನು ಕೂಡಲೇ ತೆಗೆಯಬೇಕು. ಜೀವಂತ ಸಣ್ಣ ಮೀನು ಹಾಕಿ ಬೇಟೆ ನೋಡುವ ಮೋಜು ಬೇಡ. ರೋಗ ಬರುವ ರಾಜಮಾರ್ಗ ಅದು. ಸಕ್ಕರ್ ಮೀನೂ ಒಂದಡಿ ದಾಟಿ ಬೆಳೆಯುತ್ತದೆ. ಅದು ಪಾಚಿ ತಿನ್ನುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು.

ಮನೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ? ಸಿಕ್ಲಿಡ್ಡೇ ಬೇಕೆಂದರೆ ನಮ್ಮದೇ ಒಂದಿದೆ: ಆರೆಂಜ್ ಕ್ರೋಮೈಡ್. ದಕ್ಷಿಣ ಭಾರತ, ಶ್ರೀಲಂಕಾಗಳ ಹೊಳೆ-ಹಿನ್ನೀರುಗಳ ಮೀನು, ಎಂಟು ಸೆಂಟಿಮೀಟರಿಗೆ ನಿಲ್ಲುತ್ತದೆ. ಮೇಲಿನ ಲೆಕ್ಕದ ಪ್ರಕಾರ ಇಂಥ ಐವತ್ತು ಮೀನು ಸೇರಿದರೆ ಒಂದು ದೊಡ್ಡ ಆಸ್ಕರ್. ಒಂದು ಜೋಡಿಗೆ ಎರಡೂವರೆ, ಮೂರಡಿಯ ತೊಟ್ಟಿ ಧಾರಾಳ, ಮರಿಗಳನ್ನು ತಂದೆತಾಯಿ ಕಾಯುವ ನೋಟವೂ ಸಿಗುತ್ತದೆ.

ಈಗಾಗಲೇ ಬೆಳೆದುಬಿಟ್ಟ ಮೀನಿನ ಗತಿ? ಅನೇಕರು ಕರುಣೆಯಿಂದಲೇ ಕೆರೆಗೆ ಬಿಡುತ್ತಾರೆ. ಇದೊಂದು ಮಾತ್ರ ಆಗಕೂಡದು. ಮೀನುಸಾಕಣೆಗೆಂದು 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾವೂ ಸಿಕ್ಲಿಡ್ಡೇ; ಇಂದು ಅದು ದೇಶದ ಕೆರೆ-ನದಿಗಳನ್ನೆಲ್ಲ ತುಂಬಿಕೊಂಡಿದೆ. ಆಸ್ಕರ್ ಅಮೆರಿಕದ ಫ್ಲಾರಿಡಾದಲ್ಲಿ ನೆಲೆಯೂರಿದೆ. ಫ್ರಾನ್ಸಿಸ್ ಡೇ 1877ರಲ್ಲಿ ಹೆಸರಿಟ್ಟ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಚುಕ್ಕೆಯ ಸಿಕ್ಲಿಡ್ ಮುಖ್ಯವಾಗಿ ದಕ್ಷಿಣ ಕನ್ನಡದ ನದಿಗಳಿಗೆ ಸೀಮಿತವಾದದ್ದು. ಅಂಥ ನೀರಿಗೆ ಅಮೆಜಾನಿನ ಹೊಟ್ಟೆಬಾಕನನ್ನು ಬಿಡುವುದು ಕರುಣೆಯಲ್ಲ. ಅಂಗಡಿಗೇ ಹಿಂದಿರುಗಿಸಬೇಕು, ಇಲ್ಲವೆ ದೊಡ್ಡ ತೊಟ್ಟಿ ಇರುವವರಿಗೆ ಕೊಡಬೇಕು. ಕೊಳ್ಳುವ ದಿನವೇ ‘ಬೆಳೆದ ಮೇಲೆ ವಾಪಸು ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರೆ ಅಂಗಡಿಯವನ ಮುಖವೇ ಅರ್ಧ ಉತ್ತರ ಹೇಳುತ್ತದೆ.

ಮೊದಲು ಹೇಳಿದ ಮನೆಯಲ್ಲಿ ಉಳಿದಿರುವ ನಾಲ್ಕು ಮೀನುಗಳಿಗೆ ಇನ್ನೂ ಕಾಲ ಮಿಂಚಿಲ್ಲ. ಈ ಸಂಜೆಯೇ ಮೂರನೇ ಒಂದು ಭಾಗ ನೀರು ಬದಲಿಸಿ, ಎರಡು ದಿನ ಆಹಾರ ನಿಲ್ಲಿಸಬೇಕು. ನಾಳೆ, ನಾಡಿದ್ದು ಮತ್ತೆ ಅಷ್ಟಷ್ಟು ನೀರು ಬದಲಿಸಬೇಕು. ಈ ವಾರದಲ್ಲಿ ಮೂರು ಮೀನುಗಳಿಗೂ ಆ ಸಕ್ಕರಿಗೂ ಬೇರೆ ನೆಲೆ ಹುಡುಕಬೇಕು. ಯಾವ ಮೀನನ್ನು ಉಳಿಸಿಕೊಳ್ಳುವುದೆಂದು ಹುಡುಗನೇ ಆರಿಸಲಿ. ನಾಲ್ಕಡಿಯ ತೊಟ್ಟಿಗೆ ಜಾಗ ಮಾಡಲು ಸೋಫಾ ಸರಿಸಬೇಕೇ ಎಂಬುದನ್ನು ಅಪ್ಪ-ಅಮ್ಮ ಕುಳಿತು ಮಾತಾಡಲಿ. ಟೇಪು ಹಿಡಿದು ಗೋಡೆ ಅಳೆಯುವ ಕೆಲಸಕ್ಕೆ ಮಗ ಸಿದ್ಧನಾಗಿಯೇ ಇರುತ್ತಾನೆ.