ಒಬ್ಬ ಗ್ರಾಹಕನಿಗೆ ಮೂರು ಫೋನ್ ಕಾಲಂ

ಡಿಬಿಎಂಎಸ್ ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ಮಾಡೋ ‘ಕಸ್ಟಮರ್ ಮ್ಯಾನೇಜ್‌ಮೆಂಟ್ ಸಿಸ್ಟಂ’ ನೋಡೋಕೆ ಚೆಂದ. ಐದು ಟೇಬಲ್, ಒಂದು ಲಾಗಿನ್ ಪೇಜ್, ನೀಟಾದ ಇಆರ್ ಡಯಾಗ್ರಂ. ವೈವಾ ಮುಗಿದ ಮರುದಿನದಿಂದ ಅದನ್ನು ಯಾರೂ ತೆರೆದು ನೋಡಲ್ಲ. ಕೆಲಸಕ್ಕೆ ಸೇರಿದ ಮೇಲೆ ಕೈಗೆ ಸಿಗುವ ಸಿಆರ್‌ಎಂ ಹೀಗಿರೋದಿಲ್ಲ. ಅದಕ್ಕೆ ಹತ್ತು-ಹದಿನೈದು ವರ್ಷ ವಯಸ್ಸಾಗಿರುತ್ತೆ. ಗ್ರಾಹಕರ ಟೇಬಲ್‌ನಲ್ಲಿ ‘ಫೋನ್’, ‘ಫೋನ್ ಹೊಸದು’, ‘ಫೋನ್ ಫೈನಲ್’ ಅಂತ ಮೂರು ಕಾಲಂ ಇರುತ್ತವೆ. ಯಾವುದು ಸರಿ ಅಂತ ಹೇಳಬಲ್ಲವರು ಕಂಪನಿ ಬಿಟ್ಟು ಎಷ್ಟೋ ಕಾಲ ಆಗಿರುತ್ತೆ. ಇದನ್ನೇ ಟೆಕ್ನಿಕಲ್ ಡೆಟ್, ತಾಂತ್ರಿಕ ಸಾಲ ಅನ್ನೋದು. ಈ ಸಾಲ ತೀರಿಸೋಕೆ ಮೊದಲು ಬೇಕಾದದ್ದು ಅಳಿಸುವ ವಿದ್ಯೆ, ಮತ್ತು ಅದನ್ನು ನಮಗೆ ಯಾರೂ ಕಲಿಸ್ತಿಲ್ಲ ಅನ್ನೋದು ನಮ್ಮ ತಕರಾರು.

ಸಾಲದ ಹೋಲಿಕೆ ಕೊಟ್ಟವರು ವಾರ್ಡ್ ಕನ್ನಿಂಗ್‌ಹ್ಯಾಮ್, 1992ರಲ್ಲಿ. ಆಗ ಅವರು ವೈಕ್ಯಾಶ್ ಅನ್ನೋ ಹಣಕಾಸು ಸಾಫ್ಟ್‌ವೇರ್ ಮೇಲೆ ಕೆಲಸ ಮಾಡ್ತಿದ್ರು. ಕೆಟ್ಟದಾಗಿ ಬರೆದ ಕೋಡ್‌ಗೆ ಇದೊಂದು ಮರ್ಯಾದೆಯ ಹೆಸರು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅವರು ಹೇಳಿದ್ದು ಬೇರೆ. ಸಮಸ್ಯೆ ಪೂರ್ತಿ ಅರ್ಥ ಆಗೋ ಮೊದಲೇ, ಅರ್ಥ ಆದಷ್ಟಕ್ಕೆ ಕೋಡ್ ಬರೆದು ಬಿಡುಗಡೆ ಮಾಡೋದು ಸಾಲ ಮಾಡಿದ ಹಾಗೆ. ತಿಳುವಳಿಕೆ ಬೆಳೆದ ಹಾಗೆ ಕೋಡನ್ನೂ ತಿದ್ದಿದರೆ ಸಾಲ ತೀರುತ್ತೆ, ತಿದ್ದದಿದ್ದರೆ ಬಡ್ಡಿ. ಸಾಲ ಮಾಡೋದು ತಪ್ಪಲ್ಲ. ಅಸಲು ಮುಟ್ಟದೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾ ಕೂರೋದು ತಪ್ಪು.

ಸಿಆರ್‌ಎಂನಲ್ಲಿ ಈ ಬಡ್ಡಿ ಬೇಗ ಏರುತ್ತೆ, ಯಾಕಂದ್ರೆ ಸಾಲ ಮಾಡೋಕೆ ಅಲ್ಲಿ ಕೋಡ್ ಕೂಡ ಬರೀಬೇಕಾಗಿಲ್ಲ. ಸೇಲ್ಸ್‌ಫೋರ್ಸ್ ಉದಾಹರಣೆಗೆ ತಗೊಳ್ಳಿ. ಹೊಸ ಫೀಲ್ಡ್ ಸೇರಿಸೋದು ನಾಲ್ಕು ಕ್ಲಿಕ್ಕಿನ ಕೆಲಸ. ಸೇಲ್ಸ್ ಮ್ಯಾನೇಜರ್ ಬೆಳಿಗ್ಗೆ ಕೇಳಿದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಫೀಲ್ಡ್ ರೆಡಿ. ಆಟೊಮೇಷನ್ ಕಥೆ ಇನ್ನೂ ಸ್ವಾರಸ್ಯ. ಮೊದಲು ವರ್ಕ್‌ಫ್ಲೋ ರೂಲ್ ಇತ್ತು, ಆಮೇಲೆ ಪ್ರೋಸೆಸ್ ಬಿಲ್ಡರ್ ಬಂತು, ಈಗ ಎಲ್ಲವನ್ನೂ ಫ್ಲೋಗೆ ಸಾಗಿಸಿ ಅಂತ ಕಂಪನಿಯೇ ಹೇಳ್ತಿದೆ. ಮೊದಲಿನ ಎರಡಕ್ಕೂ 2025ರ ಡಿಸೆಂಬರ್ 31ರ ಗಡುವು ಕೊಟ್ಟು, ಆಮೇಲೆ ಬೆಂಬಲ ಇಲ್ಲ ಅಂದಿತ್ತು. ಆದರೆ ಬೆಂಬಲ ನಿಂತರೆ ಹಳೇ ರೂಲ್‌ಗಳು ತಾವಾಗಿ ಮಾಯ ಆಗಲ್ಲವಲ್ಲ! ಒಂದು ರೆಕಾರ್ಡ್ ಸೇವ್ ಮಾಡಿದ್ರೆ ಹಳೇ ರೂಲ್ ಒಂದು ಕಡೆ ಎಳೆಯುತ್ತೆ, ಹೊಸ ಫ್ಲೋ ಇನ್ನೊಂದು ಕಡೆ, ನಡುವೆ ಯಾರೋ ಬರೆದಿಟ್ಟ ಟ್ರಿಗರ್ ಮತ್ತೊಂದು ಕಡೆ. ಗ್ರಾಹಕರಿಗೆ ಒಂದೇ ಇಮೇಲ್ ಎರಡೆರಡು ಸಲ ಹೋಗೋದು ಹೀಗೇ.

ಟೆಸ್ಟ್ ಇರುತ್ತಲ್ಲ ಅಂತೀರಾ? ಅಲ್ಲಿ ಏಪೆಕ್ಸ್ ಕೋಡನ್ನು ಪ್ರೊಡಕ್ಷನ್‌ಗೆ ಹಾಕಬೇಕಾದ್ರೆ ಕನಿಷ್ಠ 75% ಟೆಸ್ಟ್ ಕವರೇಜ್ ಬೇಕು. ಸಂಖ್ಯೆ ಕೇಳಿದ ಕೂಡಲೇ ನಮಗೆ ಅಟೆಂಡೆನ್ಸ್ ನೆನಪಾಗುತ್ತೆ, ಸರಿಯಾಗೇ ನೆನಪಾಗುತ್ತೆ. ಒಂದೂ ಅಸರ್ಟ್ ಇಲ್ಲದೆ, ಸುಮ್ಮನೆ ಕೋಡನ್ನು ಓಡಿಸಿ ಪಾಸ್ ಆಗೋ ಟೆಸ್ಟ್ ಅಂದ್ರೆ ಅಪ್ಪಟ ಪ್ರಾಕ್ಸಿ. ಹಾಜರಿ ಬಿತ್ತು, ಪಾಠ ಯಾರೂ ಕೇಳಲಿಲ್ಲ.

ಇದರ ಭಾರ ಡೆವಲಪರ್ ಮೇಲಷ್ಟೇ ಬಿದ್ದಿದ್ರೆ ನಾವೂ ಸುಮ್ಮನಿರ್ತಿದ್ವಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತೆ. ‘ನನ್ನ ನಂಬರ್ ತೆಗೀರಿ, ಇನ್ನು ಫೋನ್ ಮಾಡಬೇಡಿ’ ಅಂತ ಒಬ್ಬರು ಕೇಳಿದ್ರು ಅಂದುಕೊಳ್ಳಿ. ಆಪರೇಟರ್ ಒಂದು ಕಾಲಂನಿಂದ ತೆಗೆದರು. ಉಳಿದ ಎರಡರಲ್ಲಿ ನಂಬರ್ ಹಾಗೇ ಇದೆ. ರಾತ್ರಿ ಓಡುವ ಸಿಂಕ್ ಜಾಬ್ ಅದನ್ನು ಮತ್ತೆ ಮೊದಲನೇ ಕಾಲಂಗೆ ತಂದು ಕೂರಿಸುತ್ತೆ. ಮರುವಾರ ಮತ್ತೆ ಫೋನ್. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ಆ ಮನುಷ್ಯನ ಹಕ್ಕು ಒಂದು ಹಾಳು ಕಾಲಂನಲ್ಲಿ ಸಿಕ್ಕಿಹಾಕಿಕೊಂಡಿತು.

ಇಂಥದ್ದನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರೋ ಮಾತು: ‘ಗುರು, ಇದನ್ನೆಲ್ಲ ಕಿತ್ತು ಬಿಸಾಕಿ ಹೊಸದಾಗಿ ಬರೆಯೋಣ.’ ನೆಟ್‌ಸ್ಕೇಪ್ ಇದೇ ದಾರಿ ಹಿಡಿದಿತ್ತು. 1997ರಲ್ಲಿ 4.0 ಆವೃತ್ತಿ, ಅದರ ನಂತರದ ಮುಖ್ಯ ಆವೃತ್ತಿ 6.0 ಬಂದಿದ್ದು 2000ದ ಕೊನೆಯಲ್ಲಿ, 5.0 ಬರಲೇ ಇಲ್ಲ. ಅಷ್ಟರಲ್ಲಿ ಬಹುಪಾಲು ಬಳಕೆದಾರರು ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆ ಹೋಗಿಯಾಗಿತ್ತು. ಹಳೇ ಕೋಡ್‌ನ ಪ್ರತಿ ವಿಚಿತ್ರ ‘ಇಫ್’ ಹಿಂದೆ ಯಾವುದೋ ಗ್ರಾಹಕನ ನಿಜವಾದ ತೊಂದರೆ ಇರಬಹುದು. ಹೊಸದಾಗಿ ಬರೆದರೆ ಆ ತೊಂದರೆಯನ್ನೂ ಹೊಸದಾಗಿ ಅನುಭವಿಸಬೇಕು.

ಹಾಗಾದ್ರೆ ಆ ಮೂರು ಕಾಲಂ ಗತಿ? ಮೊದಲು ಎಣಿಸಬೇಕು: ಕಳೆದ ಒಂದು ವರ್ಷದಲ್ಲಿ ಯಾವ ಕಾಲಂಗೆ ಯಾರು ಬರೆದಿದ್ದಾರೆ, ಯಾವ ರಿಪೋರ್ಟ್ ಯಾವುದನ್ನು ಓದುತ್ತೆ. ಆಮೇಲೆ ಈಗಿನ ನಡವಳಿಕೆ ಹೇಗಿದೆಯೋ ಹಾಗೇ, ತಪ್ಪಿದ್ದರೆ ತಪ್ಪಿನ ಸಮೇತ, ಟೆಸ್ಟ್‌ನಲ್ಲಿ ಹಿಡಿದಿಡಬೇಕು. ಮೈಕೆಲ್ ಫೆದರ್ಸ್ ಹಳೇ ಕೋಡ್ ಬಗ್ಗೆ 2004ರಲ್ಲಿ ಬರೆದ ಪುಸ್ತಕದಲ್ಲಿ ಈ ಬಗೆಯ ಟೆಸ್ಟ್‌ಗಳನ್ನು ವಿವರವಾಗಿ ಹೇಳಿದ್ದಾರೆ. ನಂತರ ಎಲ್ಲ ಬರವಣಿಗೆಯನ್ನೂ ಒಂದೇ ಕಾಲಂಗೆ ತಿರುಗಿಸಿ, ಡೇಟಾ ಅಲ್ಲಿಗೆ ಸಾಗಿಸಿ, ಉಳಿದೆರಡನ್ನು ಪರದೆಯಿಂದ ಮರೆಮಾಡಿ ಕಾಯಬೇಕು. ಎಷ್ಟು ದಿನ? ನಮ್ಮ ಪ್ರಕಾರ ಒಂದು ಮಾರ್ಚ್ ದಾಟುವವರೆಗಾದರೂ. ಇಡೀ ವರ್ಷ ಸತ್ತಂತೆ ಬಿದ್ದಿದ್ದ ಫೀಲ್ಡ್ ವರ್ಷಾಂತ್ಯದ ಲೆಕ್ಕದಲ್ಲಿ ಎದ್ದು ಕೂರಬಹುದು. ಅದು ಮುಗಿದ ಮೇಲೆ, ಬ್ಯಾಕಪ್ ಇಟ್ಟುಕೊಂಡು, ಡ್ರಾಪ್. ಬ್ಯಾಕಪ್‌ಗೂ ಒಂದು ಗಡುವು ಇರಲಿ. ಇಲ್ಲದಿದ್ದರೆ ಆ ನಂಬರ್ ಅಲ್ಲೂ ಕೂತಿರುತ್ತೆ.

ಬೋರಿಂಗ್ ಕೆಲಸ, ಒಪ್ಪಿಕೊಳ್ತೀವಿ. ಡೆಮೊದಲ್ಲಿ ತೋರಿಸೋಕೆ ಏನೂ ಇಲ್ಲ, ಅಪ್ರೈಸಲ್‌ನಲ್ಲಿ ‘ಎರಡು ಕಾಲಂ ತೆಗೆದೆ’ ಅಂದ್ರೆ ಮ್ಯಾನೇಜರ್ ಮುಖ ನೋಡ್ತಾರೆ. ಕಾಲೇಜಿನಲ್ಲೂ ಅದೇ ಪಾಡು: ಗೈಡ್ ಕೇಳೋ ಮೊದಲ ಪ್ರಶ್ನೆಯೇ ‘ಇದರಲ್ಲಿ ಹೊಸದೇನಪ್ಪಾ?’

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಮಿನಿ ಪ್ರಾಜೆಕ್ಟ್‌ನಲ್ಲಿ ಒಂದು ಆಯ್ಕೆಯಾಗಿ, ಕಳೆದ ವರ್ಷದ ಸೀನಿಯರ್ ಬ್ಯಾಚಿನ ಸಿಆರ್‌ಎಂ ಅನ್ನೇ ನಮಗೆ ಕೊಡಿ. ಕೆಲಸ ಕೆಡದಂತೆ ಅದನ್ನು ಚಿಕ್ಕದು ಮಾಡಿ ತೋರಿಸ್ತೀವಿ. ಅಳಿಸಿದ ಸಾಲುಗಳಿಗೆ ಅಂಕ, ಯಾಕೆ ಅಳಿಸಿದ್ವಿ ಅನ್ನೋ ವಿವರಣೆಗೆ ಇನ್ನಷ್ಟು ಅಂಕ. ವೈವಾಕ್ಕೆ ಆ ಸೀನಿಯರ್‌ಗಳನ್ನೂ ಕರೆಸಿ. ‘ಫೋನ್ ಫೈನಲ್’ ಯಾಕೆ ಬಂತು ಅಂತ ಅವರನ್ನೇ ಕೇಳಬಹುದು.