ಮನೆಯವರಿಲ್ಲದ ಹೋಂಸ್ಟೇ

ಮುತ್ತತ್ತಿಯಲ್ಲಿ ದಡದಿಂದ ನೋಡಿದರೆ ಕಾವೇರಿ ಮೊಣಕಾಲುದ್ದ ಹರಿಯುತ್ತಿರುವಂತೆ ಕಾಣುತ್ತಾಳೆ. ಮರಳು ಸರಿದು ಎಲ್ಲಿ ಗುಂಡಿ ಬಿದ್ದಿದೆ, ಯಾವ ಬಂಡೆಯ ಹಿಂದೆ ಸುಳಿಯಿದೆ ಎಂಬುದು ಊರಿನವರಿಗೆ ಗೊತ್ತು. ವಾರಾಂತ್ಯಕ್ಕೆ ಬಂದ ಹುಡುಗರಿಗೆ ಗೊತ್ತಾಗುವುದಿಲ್ಲ. ಅಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಮಳವಳ್ಳಿ ತಾಲ್ಲೂಕಿಗೆ ಹೊಸದೇನಲ್ಲ. ಹೋಂಸ್ಟೇ ನೋಂದಣಿ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಅತಿಥಿ ಹೊಳೆಗೆ ಹೊರಟಾಗ ‘ಅಲ್ಲಿ ಇಳೀಬೇಡಿ’ ಎನ್ನಲು ಆ ಮನೆಯಲ್ಲಿ ಯಾರಾದರೂ ಇರಬೇಕು.

ನಮ್ಮ ರಾಜ್ಯದ ನಿಯಮದ ತಿರುಳೂ ಇದೇ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಮಾಲೀಕರು ಅಲ್ಲಿಯೇ ವಾಸವಿರಬೇಕು. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕು. ನ್ಯೂಯಾರ್ಕ್ ನಗರವೂ 2023ರ ಸೆಪ್ಟೆಂಬರ್‌ನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಬೇಕು, ಅತಿಥಿ ಇರುವಷ್ಟು ದಿನ ತಾವೂ ಮನೆಯಲ್ಲಿರಬೇಕು ಎಂಬ ನಿಯಮವನ್ನು ಬಿಗಿಯಾಗಿ ಜಾರಿ ಮಾಡುತ್ತಿದೆ.

ಇತ್ತ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬೆಂಗಳೂರಿಗೆ ಮಂಡ್ಯ ಪಕ್ಕದ ಬಡಾವಣೆಯಷ್ಟು ಹತ್ತಿರವಾಗಿದೆ. ಮಾಲೀಕರು ಬೆಂಗಳೂರಿನಲ್ಲಿ, ಬುಕಿಂಗ್ ಆ್ಯಪಿನಲ್ಲಿ, ಬೀಗದ ಕೈ ತೋಟದ ಆಳಿನ ಬಳಿ ಇರುವ ಮನೆಯನ್ನು ಹೋಂಸ್ಟೇ ಎನ್ನುವುದು ಸರಿಯಲ್ಲ. ಅದು ಲಾಡ್ಜು. ಲಾಡ್ಜಿಗಿರುವ ಪರವಾನಗಿ, ತೆರಿಗೆ, ಭೂಪರಿವರ್ತನೆ, ಅಗ್ನಿ ಸುರಕ್ಷತೆ ಎಲ್ಲವೂ ಅದಕ್ಕೂ ಅನ್ವಯಿಸಲಿ.

ಹಳ್ಳಿಯವರು ನಾಲ್ಕು ಕಾಸು ಕಾಣುವ ಹೊತ್ತಿಗೆ ಕಾಗದ ಕೇಳಿ ಸತಾಯಿಸುತ್ತೀರಿ ಎಂಬ ಆಕ್ಷೇಪವಿದೆ. ಅದರಲ್ಲಿ ನಿಜವಿದೆ. ಕೊಕ್ಕರೆ ಬೆಳ್ಳೂರನ್ನೇ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ ಮರಗಳಲ್ಲಿ. ಹಿಕ್ಕೆ, ಕೊಳೆತ ಮೀನಿನ ವಾಸನೆ ಸಹಿಸಿಕೊಂಡು ಆ ಮರಗಳನ್ನು ಉಳಿಸಿದವರು ಊರಿನವರು. ಹಕ್ಕಿ ನೋಡಲು ಬಂದವರಿಗೆ ಒಂದು ಕೋಣೆ, ರಾಗಿಮುದ್ದೆ ಊಟ ಕೊಟ್ಟು ಸಂಪಾದಿಸುವ ಹಕ್ಕು ಮೊದಲು ಅವರದು. ರಾತ್ರಿ ಧ್ವನಿವರ್ಧಕ ಹಾಕಬೇಡಿ ಎಂದು ಅತಿಥಿಗೆ ಹೇಳುವವರೂ ಅವರೇ. ಇಂಥವರನ್ನು ನಮೂನೆ 9, ನಮೂನೆ 11, ಪೊಲೀಸ್ ಠಾಣೆ, ಜಿಲ್ಲಾ ಕಚೇರಿ ಎಂದು ಅಲೆಸಬಾರದು. ಪಿಡಿಒ ಮನೆಗೆ ಬಂದು ಕೋಣೆ, ಶೌಚಾಲಯ, ಕುಡಿಯುವ ನೀರು ನೋಡಿ ಪಂಚಾಯಿತಿಯಲ್ಲೇ ನೋಂದಾಯಿಸಿಕೊಂಡರೆ ಸಾಕು.

ಆದರೆ ನೋಡಲು ಬರಲೇಬೇಕು. 2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿಯ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಕಾವಲಿಗೆ ಜೀವರಕ್ಷಕರಿರಲಿಲ್ಲ. ಪರವಾನಗಿ ಅಮಾನತಾದದ್ದು ಸಾವಿನ ನಂತರ. ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡದ ಪರವಾನಗಿಯಿಂದ ಯಾರ ಜೀವವೂ ಉಳಿಯುವುದಿಲ್ಲ.

ಮುತ್ತತ್ತಿಗೋ ಗಗನಚುಕ್ಕಿಗೋ ಹೊರಟವರು ಮುಂಗಡ ಕಟ್ಟುವ ಮೊದಲು ನೋಂದಣಿ ಸಂಖ್ಯೆ ಕೇಳಿ. ರಾತ್ರಿ ಆ ಮನೆಯಲ್ಲಿ ಯಾರಿರುತ್ತಾರೆ ಎಂದೂ ತಪ್ಪದೆ ಕೇಳಿ.