ದೊಡ್ಡ ಟೈರ್ ಹಾಕಿದರೆ ಪಿಕಪ್‌ಗೆ ಪವರ್ ಹೆಚ್ಚುತ್ತದೆಯೇ?

ಬಾಡಿ ಎತ್ತರಿಸಿ, ದಪ್ಪ ಟೈರ್ ಹಾಕಿಸಿದ ಪಿಕಪ್ ಒಂದು ಕೆಸರಿನಲ್ಲಿ ನುಗ್ಗಿ ಹೋಗುವ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಳಗೆ ಒಂದೇ ಸಾಲು: ದೊಡ್ಡ ಟೈರ್ ಹಾಕಿಸಿ, ಎಂಜಿನ್ ಮುಟ್ಟದೆ ಪವರ್ ಹೆಚ್ಚಿಸಿಕೊಳ್ಳಿ. ಧಾರವಾಡದಿಂದ ಸವದತ್ತಿ ರಸ್ತೆಯಲ್ಲಿ ಸಿಗುವ ಅಮ್ಮಿನಬಾವಿಯಂಥ ಊರಿನಲ್ಲಿ ಈ ಮಾತು ಕಿವಿಗೆ ಬೀಳದೆ ಹೋಗುವುದಿಲ್ಲ. ಸುತ್ತಲೂ ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಚಕ್ಕಡಿ ರಸ್ತೆಯಲ್ಲಿ ಗಾಲಿ ಹೂತು ನಿಲ್ಲುತ್ತದೆ. ಹೊಲದಿಂದ ಮಾಲು ಎಪಿಎಂಸಿ ಮುಟ್ಟಬೇಕು, ಪಿಕಪ್ ಸಾಲದ ಕಂತೂ ಕಟ್ಟಬೇಕು. ಹಾಗಾಗಿ ದುಡ್ಡು ಸುರಿಯುವ ಮೊದಲು ಲೆಕ್ಕ ನೋಡೋಣ.

ಎಂಜಿನ್‌ನ ಬಲ ಆಕ್ಸಲ್ ಮೂಲಕ ಗಾಲಿಯ ನಡುವಿಗೆ ಬರುತ್ತದೆ, ಅಲ್ಲಿಂದ ಟೈರಿನ ಅಂಚು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ತುಂಬಿದ ಕೊಡವನ್ನು ಎದೆಗೆ ಒತ್ತಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಭುಜ ಸೋಲುತ್ತದೆ. ಇಲ್ಲೂ ಅಷ್ಟೇ. ಆಕ್ಸಲ್‌ನ ತಿರುಚುಬಲ ಮೊದಲಿನಷ್ಟೇ ಇದ್ದು, ನೆಲ ಅದರಿಂದ ದೂರವಾದಷ್ಟೂ ತಳ್ಳುವ ಬಲ ಕಡಿಮೆಯಾಗುತ್ತದೆ.

215/75 ಆರ್ 15 ಅಳತೆಯ ಟೈರ್ ತೆಗೆದುಕೊಳ್ಳಿ. ಅದರ ಎತ್ತರ ಸುಮಾರು 70 ಸೆಂ.ಮೀ. ಅದರ ಜಾಗಕ್ಕೆ 31 ಇಂಚಿನ, ಅಂದರೆ ಸುಮಾರು 79 ಸೆಂ.ಮೀ. ಎತ್ತರದ ಟೈರ್ ಬಂದರೆ ಗಾಲಿ ಶೇ. 12ರಷ್ಟು ದೊಡ್ಡದಾಯಿತು. ಮೊದಲು 100 ಕೆ.ಜಿ. ಬಲದಿಂದ ತಳ್ಳುತ್ತಿದ್ದ ಗಾಡಿ, ಅದೇ ಗೇರಿನಲ್ಲಿ, ಅಷ್ಟೇ ಆಕ್ಸಿಲರೇಟರ್ ಒತ್ತಿದಾಗ, ಈಗ ತಳ್ಳುವುದು 89 ಕೆ.ಜಿ. ಬಲದಿಂದ. ಪವರ್ ಹೆಚ್ಚುವುದಿರಲಿ, ಎಳೆತವೇ ಶೇ. 10ಕ್ಕಿಂತ ಹೆಚ್ಚು ಇಳಿಯಿತು. ಏರಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದವರು ಎರಡಕ್ಕೆ ಇಳಿಸಬೇಕಾಗಬಹುದು, ಕ್ಲಚ್ ಹೆಚ್ಚು ಸವೆಯುತ್ತದೆ. ಮೇಲಾಗಿ ದೊಡ್ಡ ಟೈರಿನ ತೂಕವೂ ಹೆಚ್ಚು. ಗಾಲಿಯ ಅಂಚಿನಲ್ಲಿ ಸೇರಿದ ಒಂದು ಕೆ.ಜಿ., ಗಾಡಿ ವೇಗ ಹಿಡಿಯುವಾಗ ಡಬ್ಬಿಯಲ್ಲಿಟ್ಟ ಎರಡು ಕೆ.ಜಿ.ಗೆ ಹತ್ತಿರ ಹತ್ತಿರ ಸಮ. ಬಾಡಿ ಎತ್ತರಿಸುವುದರಿಂದಂತೂ ಪವರ್‌ಗೆ ಏನೂ ಸಂಬಂಧವಿಲ್ಲ. ಅದು ದೊಡ್ಡ ಟೈರಿಗೆ ಜಾಗ ಮಾಡಿಕೊಡುವ ಕೆಲಸ ಮಾತ್ರ.

ಇನ್ನೊಂದು ಮೋಸ ಮೀಟರಿನದು. ಸ್ಪೀಡೋಮೀಟರ್ ಗಾಲಿಯ ಸುತ್ತು ಎಣಿಸುತ್ತದೆ, ಟೈರ್ ಬದಲಾಗಿದ್ದು ಅದಕ್ಕೆ ಗೊತ್ತಿಲ್ಲ. ಅದು 60 ತೋರಿಸುವಾಗ ನೀವು ನಿಜಕ್ಕೂ 67ರಲ್ಲಿರುತ್ತೀರಿ. 100 ಕಿ.ಮೀ. ಓಡಿದರೆ ಮೀಟರಿನಲ್ಲಿ ಏರುವುದು 89.

ಹಾಗಾದರೆ ಟ್ರ್ಯಾಕ್ಟರಿಗೆ ಅಷ್ಟು ದೊಡ್ಡ ಗಾಲಿ ಯಾಕೆ? ಈ ಪ್ರಶ್ನೆ ನ್ಯಾಯವಾದದ್ದು. ನಮ್ಮ ಕಡೆಯ ಬಹಳಷ್ಟು ಟ್ರ್ಯಾಕ್ಟರ್‌ಗಳ ಎಂಜಿನ್ 40–50 ಎಚ್‌ಪಿ, ಇಂದಿನ ಹಲವು ಪಿಕಪ್‌ಗಳದ್ದು ಅದಕ್ಕಿಂತ ಜಾಸ್ತಿ. ಟ್ರ್ಯಾಕ್ಟರಿನ ಗುಟ್ಟು ಇರುವುದು ಗೇರಿನಲ್ಲಿ. ಪಿಕಪ್‌ನ ಮೊದಲ ಗೇರಿನಲ್ಲಿ ಎಂಜಿನ್ ಹದಿನೈದು–ಇಪ್ಪತ್ತು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಟ್ರ್ಯಾಕ್ಟರಿನ ತೀರಾ ಕೆಳಗಿನ ಗೇರಿನಲ್ಲಿ ಅದು ನೂರನ್ನೂ ದಾಟುತ್ತದೆ. ದೊಡ್ಡ ಗಾಲಿಯಿಂದ ಕಳೆದುಕೊಂಡ ಬಲವನ್ನು ಗೇರು ಹಲವು ಪಟ್ಟು ಮರಳಿ ಕೊಡುತ್ತದೆ. ಗಾಲಿ ದೊಡ್ಡದಿರುವುದು ಹೂಳದಿರಲಿ, ಮಣ್ಣು ಕಚ್ಚಿ ಹಿಡಿಯಲಿ ಎಂದು. ನಮ್ಮ ಹಿರಿಯರ ಚಕ್ಕಡಿಯ ಗಾಲಿ ಎತ್ತರವಾಗಿದ್ದದ್ದರ ಲಾಭವೂ ಇಂಥದ್ದೇ: ಎತ್ತರದ ಗಾಲಿ ತಗ್ಗು-ದಿಣ್ಣೆಯನ್ನು ಸಲೀಸಾಗಿ ದಾಟುತ್ತದೆ. ಎತ್ತಿನ ಬಲ ಅದರಿಂದ ಹೆಚ್ಚಾಗಲಿಲ್ಲ.

ಅಂದರೆ ಆ ವಿಡಿಯೋ ಸುಳ್ಳೇ ಆಗಬೇಕಿಲ್ಲ. ದೊಡ್ಡ ಟೈರ್ ನೆಲಕ್ಕೆ ಹೆಚ್ಚು ಜಾಗದಲ್ಲಿ ತಾಗುತ್ತದೆ, ಕೆಸರಿನಲ್ಲಿ ಕಡಿಮೆ ಇಳಿಯುತ್ತದೆ. ಆದರೆ ಎರೆಮಣ್ಣಿನಲ್ಲಿ ಸಿಕ್ಕಿಬಿದ್ದ ಪಿಕಪ್ ಅನ್ನು ಗಮನಿಸಿದ್ದೀರಾ? ಗಾಲಿ ಗಿರಗಿರ ತಿರುಗುತ್ತಲೇ ಇರುತ್ತದೆ. ಅಲ್ಲಿ ಬಲಕ್ಕೆ ಬರವಿಲ್ಲ, ಹಿಡಿತಕ್ಕೆ ಬರ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡರೆ ಎಷ್ಟು ದಪ್ಪ ಟೈರಾದರೂ ನುಣ್ಣನೆಯ ಉರುಳಿಯೇ. ಜೊತೆಗೆ ಸಾಮಾನ್ಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಒಂದು ಗಾಲಿ ಜಾರಿದರೆ ಇನ್ನೊಂದಕ್ಕೂ ಬಲ ಸಿಗದು. ಖಾಲಿ ಗಾಡಿಯಾಗಿದ್ದರೆ ಹಿಂದಿನ ಟೈರಿನ ಗಾಳಿ ಸ್ವಲ್ಪ ಇಳಿಸಿ, ಗಾಲಿಯ ಕೆಳಗೆ ಕಂಟಿ-ಕಲ್ಲು ಹಾಕಿ ನಿಧಾನಕ್ಕೆ ಹೊರತರಬಹುದು. ಡಾಂಬರು ಮುಟ್ಟಿದ ಕೂಡಲೇ ಗಾಳಿ ತುಂಬಿಸಲೇಬೇಕು.

ಎಳೆತ ನಿಜಕ್ಕೂ ವಾಪಸು ಬೇಕೆಂದರೆ ದಾರಿ ಇದೆ: ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಬದಲಿಸಬೇಕು. 4.1 ಅನುಪಾತವಿದ್ದರೆ ಮೇಲಿನ ಟೈರಿಗೆ ಸುಮಾರು 4.6 ಬೇಕಾಗುತ್ತದೆ. ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಡೀಸೆಲ್, ಟರ್ಬೋ ಒತ್ತಡ ಏರಿಸಿದರೆ ಪವರ್ ಹೆಚ್ಚುವುದು ನಿಜ. ಅದರ ಜೊತೆ ಬಿಸಿ, ಹೊಗೆ, ಕ್ಲಚ್‌ನ ಮೇಲಿನ ಭಾರವೂ ಏರುತ್ತವೆ, ವಾರಂಟಿ ಹೋಗಬಹುದು. ನಮ್ಮನ್ನು ಕೇಳಿದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ ಎನ್ನುತ್ತೇವೆ. ಬೇಸಿಗೆಯ ಧೂಳಿನಲ್ಲಿ ಓಡಿದ ಗಾಡಿಯ ಫಿಲ್ಟರ್ ಕಟ್ಟಿಕೊಂಡಿರುವುದು, ಟರ್ಬೋ ಪೈಪು ಸೀಳಿರುವುದು, ಕ್ಲಚ್ ಜಾರುವುದು, ಇಂಜೆಕ್ಟರ್ ಕೆಟ್ಟಿರುವುದು: ಗಾಡಿ ಎಳೆಯುತ್ತಿಲ್ಲ ಎಂಬ ದೂರಿನ ಮೂಲ ಇಂಥ ಕಡೆ ಇರಬಹುದು.

ನಮಗೆ ಹೆಚ್ಚು ಆತಂಕ ಬ್ರೇಕಿನದು. ಗಾಲಿ ದೊಡ್ಡದಾದರೂ ಬ್ರೇಕ್ ಹಳೆಯದೇ. ಪೆಡಲ್ ಅಷ್ಟೇ ಒತ್ತಿದರೆ ಗಾಡಿ ಹಿಡಿಯುವ ಬಲ ಕೂಡ ಶೇ. 10ರಷ್ಟು ಕಡಿಮೆ. ಎತ್ತರಿಸಿದ ಬಾಡಿಯ ಮೇಲೆ ಹತ್ತಿ ಅಂಡಿಗೆ ಪೇರಿಸಿ, ಮೀಟರ್ 60 ಅನ್ನುವಾಗ 67ರಲ್ಲಿ ತಿರುವು ತೆಗೆದುಕೊಂಡರೆ ಮಗುಚುವ ಅಪಾಯ ಎಷ್ಟು ಬೆಳೆಯಿತು ನೋಡಿ. ಮಾಲಿನ ಮೇಲೆ ಕೂಲಿಯವರು ಕೂತು ಬರುವ ರೂಢಿಯೂ ನಮ್ಮಲ್ಲಿದೆ.

ಕಾನೂನಿಗೂ ಇದು ಒಪ್ಪಿಗೆಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿನ ವಿವರಗಳು ಕಂಪನಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೇ ಕಾರಣವಾಗಬಹುದು. ಟೈರ್ ಬದಲಿಸುವುದಿದ್ದರೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅಥವಾ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಕಂಪನಿ ಒಪ್ಪಿದ ಅಳತೆ ಬರೆದಿರುತ್ತದೆ; ಅಂಗಡಿಗೆ ಹೋಗುವಾಗ ಅದರ ಫೋಟೋ ಮೊಬೈಲಿನಲ್ಲಿರಲಿ.